ಅರವತ್ತೆಂಟು ಪರ್ಸೆಂಟು

...ಅದೇ ಕಣಮ್ಮ ನಾನ್ ಹೇಳ್ತಿರೋದು, ಗಾಬರಿ ಆಗೋವಂಥದ್ದು ಏನೂ ಇಲ್ಲ ಅಂತ! ಕೂತ್ಕೋ ಮೊದ್ಲು. ಆ ಚೇರಲ್ಲಲ್ಲ, ಅದರ ಕಾಲು ಅಲ್ಲಾಡತ್ತೆ, ಈ ಕಡೆ ಬಾ. ಹಾಂ. ಬಾಗ್ಲು ತೆಗೆದೇ ಇರ್ಲಿ, ಮುಚ್ಚಿದ್ರೆ ಸ್ಟಾಫ್ ರೂಮಿನೋರಿಗೆ ಇನ್ನೊಂದು ಕತೆ ಸಿಗತ್ತೆ. ಕಮಿಟಿ ಇರೋದು ಹನ್ನೊಂದೂವರೆಗೆ, ಈಗಿನ್ನೂ ಹನ್ನೊಂದು. ಕುಣಿಗಲ್ಲಿಂದ ಎಷ್ಟೊತ್ತಿನ ಬಸ್ಸಿಗೆ ಬಂದೆ? ತಿಂಡಿ ಆಯ್ತಾ? ...ಸರಿ, ಹೇಳ್ಬೇಡ. ಅಟೆಂಡರ್ ಗುರುಸಿದ್ದಯ್ಯನ ಕೈಲಿ ತಟ್ಟೆ ಇಡ್ಲಿ ತರ್ಸಿದೀನಿ. ಚಟ್ನಿ ಸ್ವಲ್ಪ ಖಾರ, ನೋಡ್ಕೊಂಡು ತಿನ್ನು. ತಿನ್ನಮ್ಮ ಪಲ್ಲವಿ, ಹಸ್ಕೊಂಡು ಕಮಿಟಿ ಮುಂದೆ ಹೋಗಬಾರ್ದು.

ಮುಖ ಯಾಕ್ ಹಂಗ್ ಮಾಡ್ಕೊಂಡಿದೀಯ? ಏನಾಗಿದೆ ಈಗ? ನಿನ್ನ ಎಲ್‌ಎಲ್‌ಎಂ ಡಿಸರ್ಟೇಷನ್‌ನ ಯೂನಿವರ್ಸಿಟಿಯೋರು ಸಾಫ್ಟ್‌ವೇರಿಗೆ ಹಾಕಿದ್ರು. ಅದು ಅರವತ್ತೆಂಟು ಪರ್ಸೆಂಟು ಬೇರೆ ಕಡೆಯಿಂದ ಎತ್ತಿದ್ದು ಅಂತ ತೋರ್ಸಿದೆ. ಅಷ್ಟೇ ತಾನೆ! ಅಂದ್ರೆ... ಅಷ್ಟೇ ಅಂತಾನೂ ಅಲ್ಲ. ಹತ್ತರೊಳಗಿದ್ರೆ ಯಾರೂ ಕೇಳಲ್ಲ. ಅರವತ್ತು ದಾಟ್ತು ಅಂದ್ರೆ ರೂಲ್ಸ್ ಪ್ರಕಾರ ರಿಜಿಸ್ಟ್ರೇಷನ್ನೇ ಕ್ಯಾನ್ಸಲ್. ಎರಡು ವರ್ಷ ಹುತ್ರಿದುರ್ಗದಿಂದ ಕುಣಿಗಲ್ಲು, ಕುಣಿಗಲ್ಲಿಂದ ತುಮಕೂರು ಅಂತ ಬಸ್ಸಲ್ಲಿ ನಿಂತ್ಕೊಂಡು ಓಡಾಡಿದ್ದು ನೀರಲ್ಲಿ ಹೋಮ ಮಾಡಿದಂಗೆ. ಮುಂದಿನ ತಿಂಗಳು ಲೆಕ್ಚರರ್ ಇಂಟರ್‌ವ್ಯೂ ಬೇರೆ ಇದೆ ನಿಂಗೆ, ಡಿಗ್ರಿ ಇಲ್ದೆ ಒಳಗೇ ಬಿಡಲ್ಲ. ಅದಕ್ಕೇ ನಿನ್ ಗೈಡ್ ಆಗಿ ನಾನು ಮುಂಚೇನೇ ಕರ್ದಿದ್ದು. ಅಡ್ಮಿಷನ್ ದಿನ ನಿಮ್ಮಮ್ಮ ರೇವಮ್ಮ ಬಂದಿದ್ರಲ್ಲ, 'ಮಗೂನ ನಿಮ್ ಕೈಗೆ ಹಾಕಿದೀನಿ ಸಾರ್' ಅಂದ್ರು. ಮರೆತಿಲ್ಲ ನಾನು.

ಆದ್ರೂ ನೀನು ಹಿಂಗ್ ಮಾಡ್ತೀಯ ಅಂದ್ಕೊಂಡಿರ್ಲಿಲ್ಲ ಕಣಮ್ಮ. ರಿಸರ್ಚ್ ಮೆಥಡಾಲಜಿ ಪಾಠ ಮಾಡೋನು ನಾನೇ. ಕ್ಲಾಸಲ್ಲಿ ಹೇಳಿದೀನೋ ಇಲ್ವೋ? ಬೇರೆಯವರ ಮಾತನ್ನ ಹಂಗಂಗೇ ತಗೊಂಡ್ರೆ ಕೊಟೇಷನ್ ಹಾಕು, ಕೆಳಗೆ ಫುಟ್‌ನೋಟ್ ಹಾಕು. ಪದ ಬದಲಾಯ್ಸಿ ಬರೆದ್ರೂ ಫುಟ್‌ನೋಟ್ ಹಾಕು, ಅಂಗಿ ಬದಲಾಯ್ಸಿದ ತಕ್ಷಣ ಆಳು ಬದಲಾಗಲ್ಲ. ಜಡ್ಜ್‌ಮೆಂಟು ಯಾರಪ್ಪನ ಆಸ್ತೀನೂ ಅಲ್ಲ, ಯಾರ್ ಬೇಕಾದ್ರೂ ಎತ್ಕೋಬಹುದು, ಆದ್ರೆ ಯಾವ ಕೇಸು, ಯಾವ ಪ್ಯಾರಾ ಅಂತ ಹೇಳ್ಬೇಕು. ಇನ್ನೊಬ್ರು ಓದಿ ಹಾಕಿರೋ ಫುಟ್‌ನೋಟನ್ನ ನೀನೇ ಓದಿದಂಗೆ ಹಾಕ್ಕೊಳ್ಳೋದೂ ಕಳ್ಳತನಾನೇ. ಬೋರ್ಡ್ ಮೇಲೆ ಬರೆದು ಬರೆದು ಕೈ ನೋಯ್ಸ್ಕೊಂಡಿದೀನಿ. ಮುಂದಿನ ಬೆಂಚಲ್ಲಿ ಕೂತು ಎಲ್ಲಾ ಬರ್ಕೊಂಡೋಳು ನೀನು.

ಇರ್ಲಿ. ನಮ್ ಕಸುಬೇ ಹಂಗಿದೆ ಬುಡು, ಒಬ್ರದ್ದು ನೋಡಿ ಇನ್ನೊಬ್ರು ಬರೆಯೋದು. ಪಾಠಕ್ಕೆ ಬರೋಕ್ ಮುಂಚೆ ನಾನು ಗುಬ್ಬಿ ಕೋರ್ಟಲ್ಲಿ ಆರು ವರ್ಷ ಪ್ರಾಕ್ಟೀಸ್ ಮಾಡ್ದೋನು. ನಮ್ ಸೀನಿಯರ್ ಸೀತಾರಾಮಯ್ಯನೋರ ಹತ್ರ ಒಂದು ಹಳೇ ಫೈಲಿತ್ತು, ಎಲ್ಲಾ ಥರದ ಡ್ರಾಫ್ಟೂ ಅದ್ರಲ್ಲೇ. ಹೆಸ್ರು ಬದಲಾಯ್ಸು, ಸರ್ವೆ ನಂಬರ್ ಬದಲಾಯ್ಸು, ಫೈಲ್ ಮಾಡು! ಒಂದ್ಸಲ ಜೀವನಾಂಶದ ಅರ್ಜೀಲಿ ಹಳೇ ಅರ್ಜಿಯ ಗಂಡನ ಹೆಸ್ರು ಹಂಗೇ ಉಳ್ಕೊಂಡು, ಜಡ್ಜು ಕನ್ನಡಕ ತೆಗೆದು, 'ಏನ್ರೀ ವಕೀಲರೇ, ಈಯಮ್ಮಂಗೆ ಎಷ್ಟು ಜನ ಗಂಡಂದಿರು?' ಅಂತ ಕೇಳ್ಬುಟ್ರು! ಕೋರ್ಟ್ ಹಾಲೆಲ್ಲಾ ನಗು. ...ನೀನ್ ನಗ್ಲಿಲ್ಲ. ಕ್ಲಾಸಲ್ಲಿ ಹೇಳ್ದಾಗ ನಗ್ತಿದ್ದೆ. ನಾನ್ ಹೇಳೋದೇನಂದ್ರೆ, ಅದನ್ನ ಯಾರೂ ಕಳ್ಳತನ ಅನ್ಲಿಲ್ಲ. ದಾವಾ ಪತ್ರ ಬೇರೆ, ಥೀಸಿಸ್ ಬೇರೆ. ಹೊಸಬರಿಗೆ ಗೆರೆ ಎಲ್ಲಿದೆ ಅಂತ ಗೊತ್ತಾಗ್ದೆ ಕಾಲಿಟ್ಬುಡ್ತಾರೆ. ಕಮಿಟಿ ಮುಂದೆ ನಾನೂ ಇದನ್ನೇ ಹೇಳೋನು.

ನೋಡು, ಲೆಟರ್ ನಾನೇ ಟೈಪ್ ಮಾಡ್ಸಿಟ್ಟಿದೀನಿ. ನಾಲ್ಕೇ ಸಾಲು. 'ನನ್ನ ಡಿಸರ್ಟೇಷನ್‌ನಲ್ಲಿ ಪ್ರಕಟಿತ ಲೇಖನವೊಂದರ ಭಾಗಗಳನ್ನು ಅಡಿಟಿಪ್ಪಣಿ ಇಲ್ಲದೆ ಬಳಸಿದ್ದೇನೆ. ಇದು ನನ್ನ ತಪ್ಪು. ದಯವಿಟ್ಟು ಕ್ಷಮಿಸಬೇಕಾಗಿ ಕೋರುತ್ತೇನೆ.' ಅಷ್ಟೇ. ಕೆಳಗೆ ಒಂದು ಸೈನು. ಪ್ರಿನ್ಸಿಪಾಲ್ ಶಕುಂತಲಮ್ಮ ಮೇಡಂ ಹತ್ರ ಮಾತಾಡಿದೀನಿ, ತಪ್ಪು ಒಪ್ಕೊಂಡ್ರೆ ತಿದ್ದಿ ಕೊಡೋಕೆ ಆರು ತಿಂಗಳು ಟೈಮ್ ಕೊಡ್ಸೋಣ ಅಂದಿದಾರೆ. ಡಿಗ್ರಿ ಉಳಿಯತ್ತೆ. ಒಂದ್ ಸೈನ್ ಹಾಕ್ಬುಡು ತಾಯಿ, ಮಿಕ್ಕಿದ್ದು ನಾನ್ ನೋಡ್ಕೋತೀನಿ. ನಾನೇನು ಹೊರಗಿನೋನಾ? ನಿನ್ ಅಣ್ಣ ಅಂತ ತಿಳ್ಕೋ.

ಯಾಕ್ ನಗ್ತೀಯ?

ಇಲ್ಲ ಇಲ್ಲ, ನಕ್ಕೆ ನೀನು, ನಾನ್ ನೋಡ್ದೆ. ಅಣ್ಣ ಅಂದಿದ್ದಕ್ಕಾ? ...ಇಡ್ಲಿ ಪೊಟ್ಟಣ ನೋಡ್ತೀಯ, ಸೈನ್ ಹಾಕೋ ಜಾಗ ನೋಡ್ತೀಯ, ನನ್ ಮುಖ ನೋಡ್ತೀಯ... ಓ. ಓಹೋ. ಗೊತ್ತಾಯ್ತು ಬುಡು. ನಿನ್ ಥೀಸಿಸ್ಸಿನ ಅಣ್ಣಂದಿರು! ಅಕ್ಕತಂಗೀರ್ನ ತವರಿಗೆ ಕರ್ಸಿ, ಹೋಳಿಗೆ ಊಟ ಹಾಕಿ, ಅರಿಶಿನ ಕುಂಕುಮಕ್ಕೆ ಅಂತ ಒಂದು ಸೀರೆ ಕೊಟ್ಟು, ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರ್ಕೊಂಡ್ ಹೋಗಿ, ಅಪ್ಪನ ಆಸ್ತೀಲಿ ನಂಗೇನೂ ಬೇಡ ಅಂತ ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕ್ಸ್ಕೊಳ್ಳೋರು. ಆ ಸಾಲಿಗೆ ನನ್ನೂ ಸೇರ್ಸ್ಬುಟ್ಯಲ್ಲಮ್ಮ! ಇಡ್ಲಿ ತರ್ಸಿದ್ದು ನೀನು ಖಾಲಿ ಹೊಟ್ಟೇಲಿ ಬಂದಿರ್ತೀಯ ಅಂತ. ಅದ್ರಲ್ಲಿ ಬೇರೆ ಏನೂ ಇಲ್ಲ.

ಯಾಕ್ ಬಗ್ಗಿ ಬಗ್ಗಿ ನೋಡ್ತೀಯ? ಈ ರಿಪೋರ್ಟಾ? ಇದ್ರಲ್ಲಿ ನೋಡೋಕೆ ಏನಿದೆ, ಬರೀ ಬಣ್ಣ ಬಳ್ದಿದಾರೆ. ಎಲ್ಲಿಂದ ಎತ್ತಿದ್ದು ಅಂತ ತಾನೆ ನಿನ್ ಪ್ರಶ್ನೆ? ಲೆಟರಲ್ಲಿ 'ಪ್ರಕಟಿತ ಲೇಖನ' ಅಂತ ಇದೆಯಲ್ಲ, ಸಾಕು. ...ಕೈ ತೆಗೀಬೇಕಾ? ಆಯ್ತಪ್ಪ, ತೆಗ್ದೆ. ನೋಡ್ಕೋ. ಸೋರ್ಸ್ ಒಂದು. ಲೇಖಕರು, ಗುರುಪ್ರಕಾಶ್ ಎಸ್. ಹೌದು, ನಾನೇ. ಮಾರ್ಚಲ್ಲಿ ಒಂದು ಜರ್ನಲಲ್ಲಿ ಬಂತು. ಮುಚ್ಚಿಡೋದು ಅಂತಲ್ಲ, ನನ್ ಸ್ಟೂಡೆಂಟೇ ನನ್ನದನ್ನ ಎತ್ತಿದಾಳೆ ಅಂತ ಹೇಳ್ಕೊಳ್ಳೋಕೆ ನಂಗೇ ನಾಚ್ಕೆ. ಬೇರೆ ಗೈಡ್ ಆಗಿದ್ರೆ ಕಾರಿಡಾರಲ್ಲೇ ಕೂಗಾಡಿರೋರು. ನಾನು ದೊಡ್ಡ ಮನಸ್ಸು ಮಾಡಿ ಒಳಗೊಳಗೇ ಮುಗಿಸೋಣ ಅಂತ ನೋಡ್ತಿದೀನಿ.

ಹಂಗ್ ನೋಡ್ಬೇಡ. ನನ್ನ ನೋಡ್ಬೇಡ, ಡೇಟ್ ನೋಡು. ಕಾನೂನು ಓದ್ದೋಳು ತಾನೆ ನೀನು, ದಾಖಲೆ ಏನ್ ಹೇಳತ್ತೆ ಅದನ್ನ ನೋಡು. ನನ್ನ ಲೇಖನ ಮಾರ್ಚು. ನಿನ್ನ ಥೀಸಿಸ್ ಸಬ್ಮಿಟ್ ಆಗಿದ್ದು ಏಪ್ರಿಲ್. ಯಾವುದು ಮೊದ್ಲು? ಜನವರೀಲಿ ನೀನೇನೋ ಹಾಳೆ ತಂದ್ಕೊಟ್ಟಿರಬಹುದು, ಎಲ್ರೂ ತಂದ್ಕೊಡ್ತಾರೆ. ಬೀರುವಲ್ಲಿ ಇಟ್ಟಿರ್ತೀನಿ, ಓದೋಕೆ ಪುರುಸೊತ್ತೆಲ್ಲಿ? ...ಅಲ್ಲ, ನೀನು ಕೇಳೇ ಇಲ್ಲ, ಜನವರಿ ಸುದ್ದಿ ನಾನ್ಯಾಕ್ ಎತ್ತಿದೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತ ಅಂದ್ಕೋಬೇಡ ಮತ್ತೆ! ಮಾತಿಗೆ ಮಾತು ಬಂತು, ಅಷ್ಟೇ.

ಮತ್ತೆ ಒಂದೇ ವಿಷಯದ ಮೇಲೆ ಇಬ್ರು ಬರೀಬಾರ್ದು ಅಂತ ರೂಲ್ ಇದೆಯಾ? ನಾನೂ ಫೀಲ್ಡ್ ವರ್ಕ್ ಮಾಡಿದೀನಿ. ಹುಲಿಯೂರುದುರ್ಗ, ಹುತ್ರಿದುರ್ಗ ಎಲ್ಲಾ ಸುತ್ತಿದೀನಿ. ನಿಮ್ಮೂರು ಅಂತ ನೀನೊಬ್ಳೇ ಹೋಗ್ಬೇಕಾ? ಆ ಹೊಂಬಾಳಮ್ಮನ ಮಾತು ಎರಡ್ರಲ್ಲೂ ಇದೆ ಅಂತ ಕಮಿಟಿಯೋರು ಹಿಡ್ಕೋತಾರೆ ನೋಡು, ಇಂಗ್ಲಿಷ್ ಮಧ್ಯೆ ಕನ್ನಡದಲ್ಲೇ ಬಿಟ್ಟಿರೋ ಆ ಸಾಲು. 'ಸೀರೆ ಕೊಟ್ರು, ಉಟ್ಕೊಂಡೆ. ಹಾಳೆ ಕೊಟ್ರು, ಹೆಬ್ಬೆಟ್ಟು ಒತ್ತಿದೆ. ಸೀರೆ ಹರಿದ್ಮೇಲೆ ಗೊತ್ತಾಯ್ತು ಕಣವ್ವ, ಹೊಲ ಹೋಯ್ತು ಅಂತ.' ಎಂಥಾ ಮಾತು ಅದು! ಥೀಸಿಸ್ಸಲ್ಲಿರೋ ಹದಿನೇಳು ತೀರ್ಪು ಒಂದ್ಕಡೆ ಇಡು, ಆ ಮುದುಕಿ ಮಾತು ಒಂದ್ಕಡೆ ಇಡು. ಅವರ್ನ ನಾನೂ ಮಾತಾಡ್ಸಿದೀನಿ. ಫೆಬ್ರವರೀಲಿ. ಜಗಲಿ ಮೇಲೆ ಕೂತು ರಾಗಿ ಕೇರ್ತಿದ್ರು. ಬಾ ಮಗ ಅಂತ ಮಜ್ಜಿಗೆ ಕೊಟ್ರು. ಲೇಖನದಲ್ಲಿ ಫುಟ್‌ನೋಟೂ ಹಾಕಿದೀನಿ, 'ಸಂದರ್ಶನ, ಫೆಬ್ರವರಿ' ಅಂತ.

ಯಾಕಮ್ಮ... ಏನಾಯ್ತು? ಕಣ್ಣಲ್ಲಿ ನೀರ್ಯಾಕೆ?

ಥೀಸಿಸ್ ಯಾಕ್ ಬ್ಯಾಗಿಂದ ತೆಗೀತಿದೀಯ? ಬೇಡ, ಅದ್ರಲ್ಲಿ ಏನಿದೆ ಅಂತ ನಂಗೊತ್ತು. ಯಾವ ಪುಟ? ಕೃತಜ್ಞತೆ ಪುಟಾನಾ? ಅದನ್ಯಾರ್ ಓದ್ತಾರೆ... ಆಯ್ತು, ಓದ್ತೀನಿ, ಬೆರಳು ತೆಗಿ. ಈ ಪುಟ ಕನ್ನಡದಲ್ಲಿ ಬರ್ದಿದೀಯ. 'ನನ್ನ ಮಾರ್ಗದರ್ಶಕರಾದ ಶ್ರೀ ಗುರುಪ್ರಕಾಶ್ ಅವರಿಗೆ ನಾನು ಸದಾ ಋಣಿ.' ನನ್ ಹೆಸ್ರೇ ಮೊದ್ಲು ಹಾಕಿದೀಯಲ್ಲಮ್ಮ. ಆಮೇಲೆ... 'ಈ ಅಧ್ಯಯನದ ಮೊದಲ ಮಾತು ಕೊಟ್ಟ ನನ್ನ ಅಜ್ಜಿ, ಹುತ್ರಿದುರ್ಗದ ಹೊಂಬಾಳಮ್ಮ... ಕಳೆದ ಡಿಸೆಂಬರ್... ಹನ್ನೊಂದರಂದು ತೀರಿಕೊಂಡರು. ಇದನ್ನು ಓದಿ ಹೇಳಲು... ಅವರಿಲ್ಲ.'

ನಿಮ್ಮಜ್ಜೀನಾ? ಆದ್ರೆ ಆ ಡ್ರಾಫ್ಟಲ್ಲಿ ನಿಮ್ಮಜ್ಜಿ ಅಂತ ಇರ್ಲಿಲ್ವಲ್ಲ!

...ಅಂದ್ರೆ. ಯಾವ ಡ್ರಾಫ್ಟು ಅಂತಲ್ಲ. ನಾನ್ ಹೇಳ್ತಿರೋದು... ಇರು, ಒಂದ್ನಿಮಿಷ ಇರು. ಬೇರೆ ಹೊಂಬಾಳಮ್ಮ ಇರ್ಬಹುದು! ಒಂದೂರಲ್ಲಿ ಇಬ್ರು ಹೊಂಬಾಳಮ್ಮ ಇರಬಾರ್ದಾ? ಇಬ್ರೂ ಒಂದೇ ಥರ ಮಾತಾಡಬಾರ್ದಾ? ...ಡಿಸೆಂಬರಲ್ಲಿ ನೀನು ಹತ್ತು ದಿನ ಕ್ಲಾಸಿಗೆ ಬರ್ಲಿಲ್ಲ. ಅಟೆಂಡೆನ್ಸ್ ಶಾರ್ಟೇಜ್ ಆಗತ್ತೆ ಅಂತ ಎಲ್ರ ಮುಂದೆ ಬೈದಿದ್ದೆ. ಯಾಕ್ ಬರ್ಲಿಲ್ಲ ಅಂತ ಕೇಳ್ಲೇ ಇಲ್ಲ ನಾನು.

ಮಾತಾಡೇ! ಏನಾದ್ರೂ ಒಂದ್ ಮಾತಾಡು, ಬೈಯಿ, ಕೂಗು! ಹಿಂಗ್ ಗರ ಬಡಿದಂಗೆ ಕೂತ್ರೆ ನಾನೇನ್ ಅಂತ ತಿಳ್ಕೊಳ್ಲಿ? ಯಾರ್ ಮುಂದೆ ಕೂತಿದೀಯ ಗೊತ್ತಾ? ನಾನ್ ಮನಸ್ಸು ಮಾಡಿದ್ರೆ ಈ ಜಿಲ್ಲೇಲಿ ಯಾವ ಕಾಲೇಜಲ್ಲೂ ನಿಂಗೆ... ಇಲ್ಲ. ಇಲ್ಲ ಕಣಮ್ಮ, ತಪ್ಪಾಯ್ತು. ಹಂಗನ್ನಬಾರ್ದಿತ್ತು. ಕೂತ್ಕೋ, ಏಳ್ಬೇಡ.

ನಂದೂ ಒಂದು ಕಷ್ಟ ಇದೆ. ಹನ್ನೊಂದು ವರ್ಷ ಆಯ್ತು ಇಲ್ಲಿಗೆ ಬಂದು. ನನ್ ಹಿಂದೆ ಬಂದೋರೆಲ್ಲ ಅಸೋಸಿಯೇಟ್ ಪ್ರೊಫೆಸರ್ ಆಗಿ, ನನ್ ಮುಂದೇನೇ ಚೇರ್ ಎಳ್ಕೊಂಡು ಕೂತ್ಕೋತಾರೆ. ಒಂದು ಲೇಖನ ಇದ್ದಿದ್ರೆ ನಂದೂ ಆಗೋದು. ಗುಬ್ಬೀಲಿ ನಮ್ಮಪ್ಪ ಸದಾಶಿವಯ್ಯ ಮಠಕ್ಕೆ ಹೋದಾಗೆಲ್ಲ ಸ್ವಾಮಿಗಳ ಹತ್ರ ಹೇಳ್ಕೊಂಡ್ ಬರ್ತಾರೆ, ನನ್ ಮಗ ಪುಸ್ತಕ ಬರೀತಾವ್ನೆ ಅಂತ. ಬರೀತಾವ್ನೆ! ಭಾನುವಾರ ಭಾನುವಾರ ಕೂತ್ಕೋತೀನಿ. ತಲೆಬರಹ ಬರೀತೀನಿ, ಕೆಳಗೆ ಗೆರೆ ಎಳೀತೀನಿ, ಅಲ್ಲಿಗೆ ನಿಲ್ಲತ್ತೆ. ಮಿಕ್ಕೋರು ಬರ್ದಿದ್ರಲ್ಲಿ ತಪ್ಪು ತೋರ್ಸು ಅಂದ್ರೆ ಸಾಯಂಕಾಲದವರೆಗೂ ತೋರ್ಸ್ತೀನಿ. ನನ್ನದು ಅಂತ ಒಂದು ಪ್ಯಾರಾ ಬರಲ್ಲ ಕಣಮ್ಮ, ಬರಲ್ಲ.

ಮತ್ಯಾಕೆ ಪುಟ ತಿರುಗಿಸ್ತಿದೀಯ? ಹಿಂದಕ್ಯಾಕೆ ಹೋಗ್ತೀಯ? ಅದು ಸರ್ಟಿಫಿಕೇಟು. ಗೈಡ್ ಕೊಡೋ ಸರ್ಟಿಫಿಕೇಟು ಎಲ್ಲಾ ಥೀಸಿಸ್ಸಿಗೂ ಇರತ್ತೆ, ಅದ್ರಲ್ಲಿ ಏನಿದೆ... 'ಈ ಡಿಸರ್ಟೇಷನ್ ಕುಮಾರಿ ಪಲ್ಲವಿ ಅವರ ಸ್ವಂತ ಕೃತಿ. ಇದರ ಯಾವ ಭಾಗವೂ ಬೇರೆಯವರ ಬರಹದಿಂದ ತೆಗೆದುದಲ್ಲ. ಪ್ರತಿ ಹಂತದ ಕರಡನ್ನೂ ನಾನು ಓದಿ ಪರಿಶೀಲಿಸಿದ್ದೇನೆಂದು...' ಏಪ್ರಿಲ್ ಇಪ್ಪತ್ತೊಂದು. ಕೆಳಗೆ ನನ್ ಸೈನು.

ಅವತ್ತು ಒಂಬತ್ತು ಥೀಸಿಸ್ ತಂದು ಗುಡ್ಡೆ ಹಾಕಿದ್ರು. ಗುರುಸಿದ್ದಯ್ಯ ಒಂದೊಂದ್ರದ್ದೂ ಈ ಪುಟ ತೆಗೆದು ಹಿಡ್ಕೊಳ್ಳೋನು, ನಾನು ಫೋನಲ್ಲಿ ಮಾತಾಡ್ತಾ ಸೈನ್ ಹಾಕ್ತಾ ಹೋದೆ. ಎಲ್ಲಾ ಗೈಡುಗಳೂ ಹಂಗೇ ಮಾಡೋದು! ಮಾರ್ಚಲ್ಲಿ ನಂದು ಅಂತ ಅಚ್ಚು ಹಾಕಿಸ್ಕೊಂಡಿದ್ದನ್ನ ಏಪ್ರಿಲಲ್ಲಿ ನಿಂದು ಅಂತ ನಾನೇ ಬರ್ಕೊಟ್ಟಿದೀನಿ. ಕಾನೂನು ಪಾಠ ಮಾಡೋನು ನಾನು. ಗುಬ್ಬಿ ಕೋರ್ಟಲ್ಲಿ ಇದನ್ನ ಕೈಗೆ ಕೊಟ್ಟಿದ್ರೆ ಎದುರು ಪಾರ್ಟಿ ವಕೀಲನಿಗೆ ಎರಡನೇ ಪ್ರಶ್ನೆ ಕೇಳೋ ಕೆಲಸಾನೇ ಇರ್ತಿರ್ಲಿಲ್ಲ.

ನಿಂಗೆ ಯಾವಾಗ ಗೊತ್ತಾಯ್ತು? ಮಾರ್ಚಲ್ಲೇ? ಲೈಬ್ರರೀಲಿ ಆ ಜರ್ನಲ್ ನೋಡಿದ್ಯಾ? ...ತಲೆ ತಗ್ಗಿಸ್ತೀಯ. ನೋಡಿದ್ದೆ ನೀನು. ನೋಡಿದ್ಮೇಲೂ ಈ ಪುಟದಲ್ಲಿ 'ಸದಾ ಋಣಿ' ಅಂತ ಬರ್ದೆ. ಸರ್ ಇವತ್ತು ಕರೀತಾರೆ, ನಾಳೆ ಕರೀತಾರೆ, ಕರ್ದು ಏನಾದ್ರೂ ಹೇಳ್ತಾರೆ ಅಂತ ಕಾಯ್ತಿದ್ಯಾ? ಅಯ್ಯೋ ಶಿವನೇ. ನಾನು ಕರ್ದಿದ್ದು ಇವತ್ತು.

ಓದಿದ್ದೆ ಕಣಮ್ಮ. ಬೀರುವಲ್ಲಿಡ್ಲಿಲ್ಲ. ಜನವರೀಲೇ, ಗುಬ್ಬಿಯಿಂದ ಬರೋ ರೈಲಲ್ಲಿ ಓದ್ದೆ. ತುಮಕೂರು ಬಂದಿದ್ದು ಹೋಗಿದ್ದು ಗೊತ್ತಾಗ್ದೆ ಕ್ಯಾತ್ಸಂದ್ರದಲ್ಲಿ ಇಳಿದು, ಆಟೋ ಹಿಡ್ಕೊಂಡು ವಾಪಸ್ ಬಂದೆ. ಅಷ್ಟು ಚೆನ್ನಾಗಿತ್ತು. ಖುಷಿ ಆಯ್ತು, ಹೊಟ್ಟೇನೂ ಉರೀತು. ನಿನ್ನ ಕರ್ದು ಚೆನ್ನಾಗಿ ಬರ್ದಿದೀಯ ಅಂತ ಒಂದ್ ಮಾತು ಹೇಳಿದ್ರೆ ಮುಗೀತಿತ್ತು. ಹೇಳ್ಲಿಲ್ಲ. 'ಇನ್ನೂ ತುಂಬಾ ಕೆಲಸ ಬೇಕು' ಅಂದೆ. ಮೂರೇ ಪುಟ ತಗೊಳ್ಳೋಣ, ಮಿಕ್ಕಿದ್ದು ನಾನ್ ಬರೆಯೋಣ ಅಂದ್ಕೊಂಡು ಟೈಪ್ ಮಾಡೋಳ ಕೈಗೆ ಕೊಟ್ಟೆ. ಮಿಕ್ಕಿದ್ದು ಬರ್ಲೇ ಇಲ್ಲ. ಎಲ್ಲಾ ತಗೊಂಡೆ. ಕದ್ದೆ. ಬೇಲೀನೇ ಎದ್ದು ಹೊಲ ಮೇಯ್ತು ಅಂತಾರಲ್ಲ, ಆ ಬೇಲಿ ನಾನೇ. ಮಜ್ಜಿಗೇನೂ ಸುಳ್ಳು, ಜಗಲೀನೂ ಸುಳ್ಳು. ಹುತ್ರಿದುರ್ಗ ಯಾವ ದಿಕ್ಕಿಗಿದೆ ಅಂತ ನಂಗೆ ಸರಿಯಾಗಿ ಗೊತ್ತಿಲ್ಲ.

ಇನ್ನೂ ಯಾಕೆ ಹಂಗೇ ನೋಡ್ತಿದೀಯ? ಎಲ್ಲಾ ಹೇಳಿದ್ನಲ್ಲ... ಹೂಂ. ಇಲ್ಲ. ಎಲ್ಲಾ ಹೇಳಿಲ್ಲ.

ಶುಕ್ರವಾರ ಕಮಿಟಿಗೆ ಬರೆದು ಕೊಟ್ಟಿದೀನಿ. 'ಅಭ್ಯರ್ಥಿ ತನ್ನ ಕರಡನ್ನು ನನಗೆ ತೋರಿಸಿಯೇ ಇಲ್ಲ. ನನ್ನ ಲೇಖನವನ್ನು ಉದ್ದೇಶಪೂರ್ವಕವಾಗಿ ನಕಲು ಮಾಡಿದ್ದಾರೆ.' ಶಕುಂತಲಮ್ಮ ಮೇಡಂ ಹತ್ರ ನಾನು ಮಾತೇ ಆಡಿಲ್ಲ. ಆರು ತಿಂಗಳ ಟೈಮು ಅನ್ನೋದೇ ಇಲ್ಲ. ನೀನು ಈ ಲೆಟರಿಗೆ ಸೈನ್ ಹಾಕಿದ್ರೆ ತಪ್ಪೊಪ್ಪಿಗೆ ಸಿಕ್ತು ಅಂತ ಮಧ್ಯಾಹ್ನದೊಳಗೆ ನಿನ್ ರಿಜಿಸ್ಟ್ರೇಷನ್ ರದ್ದಾಗೋದು, ನಾನ್ ಬಚಾವಾಗ್ತಿದ್ದೆ. ಅದಕ್ಕೇ ಕರ್ಸಿದ್ದು ನಿನ್ನ. ಇಡ್ಲೀನೂ ಅದಕ್ಕೇ.

ಯಾರದು? ಗುರುಸಿದ್ದಯ್ಯಾನಾ? ಕಮಿಟಿಯೋರು ಕರೀತಿದಾರಾ? ...ಬರ್ತಾರೆ ಅನ್ನಪ್ಪ. ಹೂಂ, ಇಬ್ರೂ ಬರ್ತಾರೆ ಅನ್ನು.

ಎದ್ಯಾ? ಲೆಟರ್ ಕೊಡಿಲ್ಲಿ, ಹರಿದಾಕ್ಬುಡ್ತೀನಿ. ...ಯಾಕ್ ಮಡಚಿ ಥೀಸಿಸ್ ಒಳಗಿಟ್ಕೋತೀಯ? ಕೊಡಮ್ಮ. ...ಓ. ಸರಿ. ಇಟ್ಕೋ. ದಾಖಲೆ ಅದು, ಕೈ ಬಿಡಬಾರ್ದು. ಚೆನ್ನಾಗಿ ಕಲ್ತಿದೀಯ.

ನಾನೂ ಬರ್ತೀನಿ. ಒಳಗೆ ನಾನೇ ಹೇಳ್ತೀನಿ, ಎಲ್ಲಾನೂ, ಶುಕ್ರವಾರದ್ದೂ ಸೇರ್ಸಿ. ...ನಂಬಿಕೆ ಇಲ್ವಾ? ನಂಗೂ ಇಲ್ಲ ಕಣಮ್ಮ. ಈ ಕಾರಿಡಾರ್ ದಾಟೋದ್ರೊಳಗೆ ನನ್ ಬಾಯಿಗೆ ಇನ್ನೊಂದು ಸುಳ್ಳು ಬಂದ್ರೂ ಬಂತು. ಅದಕ್ಕೇ ನೀನು ಮುಂದೆ ಹೋಗ್ಬೇಡ, ನನ್ ಜೊತೇಲೇ ನಡಿ. ಒಳಗೂ ನನ್ನೆದುರಿಗೇ ಕೂತ್ಕೋ. ಏನೂ ಮಾತಾಡೋದ್ ಬೇಡ. ಇಷ್ಟೊತ್ತು ನೋಡಿದ್ಯಲ್ಲ, ಹಂಗೇ ನನ್ನನ್ನ ನೋಡ್ತಾ ಕೂತ್ಕೋ.